ದಫೇದಾರ್ ಸೊಣ್ಣಪ್ಪ ಬಂದ

ಚಾಮರಾಜಪೇಟೆಯ ಪಿಳ್ಳಮ್ಮನವರಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು ಹತ್ತಿದ್ದು ಗಂಡನ ದೆಸೆಯಿಂದ. ಗಂಡ ರಾಮಾಂಜಿನಪ್ಪನವರು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು, ಬೀದಿಯವರ ಬಾಯಲ್ಲಿ ದಫೇದಾರ್ರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿಂದುಹಾಕಿದ ಮೇಲೆ, ಪಾಪ, ಹೊತ್ತು ಹೋಗಲಿ ಎಂದು ಹೆಂಡತಿ ‘ಪೇಟೆ ಠಾಣೆ’ ಸರಣಿಯನ್ನು ಗಟ್ಟಿಯಾಗಿ ಓದಿ ಹೇಳತೊಡಗಿದರು.

ಬರೆದವರು ವಸಂತ್ ಎನ್ನುವವರು. ಅವರ ಕಥೆಯಲ್ಲಿ ಕೊಲೆ ಸುಲಿಗೆ ಎಲ್ಲ ಇದ್ದದ್ದೇ ಅನ್ನಿ, ಆದರೆ ಈ ದಂಪತಿಯ ಮನಸ್ಸು ಕದ್ದದ್ದು ಬೇರೆಯೇ ಒಂದು. ಅಲ್ಲಿ ನಾಯಕನಾದ ಇನ್‌ಸ್ಪೆಕ್ಟರ್ ಬಂದ, ಹೋದ, ಒದ್ದ. ಅವನ ಕೈಕೆಳಗಿನ ಮುದಿ ದಫೇದಾರ್ ಸೊಣ್ಣಪ್ಪ ಮಾತ್ರ ಬಂದರು, ಕೂತರು, ಕಾಫಿ ಕುಡಿದರು. ಮೊದಲ ಸಲ ಅದನ್ನು ಕೇಳಿದಾಗ ರಾಮಾಂಜಿನಪ್ಪನವರು ಆ ಸಾಲನ್ನು ಮತ್ತೊಮ್ಮೆ ಓದಿಸಿದರು. ನಿನ್ನೆ ಮೊನ್ನೆ ಟ್ರೇನಿಂಗ್ ಮುಗಿಸಿ ಬಂದ, ಮೀಸೆ ಚಿಗುರದ ಸಾಹೇಬರಿಂದ ಜೀವಮಾನವಿಡೀ ‘ಏಯ್, ಲೇ’ ಅನ್ನಿಸಿಕೊಂಡ ಮನುಷ್ಯ ಅವರು. ಪುಸ್ತಕದಲ್ಲಾದರೂ ಒಬ್ಬ ದಫೇದಾರನಿಗೆ ಮರ್ಯಾದೆ ಸಿಕ್ಕಿತಲ್ಲ ಎಂದು ಅವತ್ತು ಮಲಗುವವರೆಗೂ ಹೇಳುತ್ತಲೇ ಇದ್ದರು. ಅಂದಿನಿಂದ ಪಿಳ್ಳಮ್ಮನವರು ಆ ಲೇಖಕರನ್ನು ‘ವಸಂತ್ ಅವರು’ ಎಂದೇ ಕರೆಯುತ್ತಿದ್ದರು, ಅಪ್ಪಿತಪ್ಪಿಯೂ ಬರೀ ವಸಂತ್ ಎಂದವರಲ್ಲ.

ಈ ವರ್ಷ ಆರನೆಯ ಭಾಗ ಬಂತು. ಪಿಳ್ಳಮ್ಮ ಗಾಂಧಿನಗರದ ಅಂಗಡಿಗೆ ತಾವೇ ಹೋಗಿ ತಂದರು. ಗಂಡನ ಕೈಗೆ ಕಾಫಿ ಕೊಟ್ಟು, ಕನ್ನಡಕ ಏರಿಸಿ ಮೊದಲ ಪುಟ ತೆರೆದರೆ, ‘ದಫೇದಾರ್ ಸೊಣ್ಣಪ್ಪ ಬಂದ’ ಎಂದಿತ್ತು.

ನಾಲಿಗೆ ತಡವರಿಸಿತು. ‘ಬಂದರು’ ಎಂದು ಓದಿದರು. ಮುಂದಿನ ಸಾಲಿನ ‘ಕೂತ’ನನ್ನು ‘ಕೂತರು’ ಮಾಡಿದರು. ಅಚ್ಚಿನ ತಪ್ಪಿರಬೇಕು, ಕರಡು ತಿದ್ದುವವನು ತೂಕಡಿಸಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆದರೆ ಪುಟ ತಿರುವಿದಷ್ಟೂ ಅದೇ ಹಾಡು. ಅಯ್ಯೋ, ಕನ್ನಡ ಬಲ್ಲವರಿಗೆ ಇದಕ್ಕಿಂತ ಇನ್ನೇನು ಹೇಳಬೇಕು? ಬೇಡಿ ಬೀಳುವುದು ಯಾರ ಕೈಗೆಂದು ಅವರಿಗೆ ಅಲ್ಲೇ ಹೊಳೆದುಹೋಯಿತು.

ಹಾಗೆಯೇ ಆಯಿತು. ಠಾಣೆಯಲ್ಲಿ ಇಟ್ಟಿದ್ದ ಚಿನ್ನ ಕದ್ದವನೂ ಸೊಣ್ಣಪ್ಪನೇ, ಅದನ್ನು ಕಂಡ ಹೆಣ್ಣುಮಗಳನ್ನು ಕೊಂದವನೂ ಅವನೇ. ಗಂಡ ಮಲಗಿದ್ದಾಗ ಕೊನೆಯ ಅಧ್ಯಾಯವನ್ನು ಒಬ್ಬರೇ ಓದಿದ ಪಿಳ್ಳಮ್ಮನವರು ಪುಸ್ತಕ ಮುಚ್ಚಿ ಪಕ್ಕಕ್ಕೆ ತಳ್ಳಿದರು. ಐದು ಭಾಗ ನಂಬಿಸಿ ಆರನೆಯದರಲ್ಲಿ ಕತ್ತು ಕೊಯ್ಯುವುದೆಂದರೆ ಇದೇ ಅಲ್ಲವೇ? ಇದನ್ನು ಆ ಮನುಷ್ಯನಿಗೆ ಯಾವ ಬಾಯಿಂದ ಓದಿ ಹೇಳುವುದು? ಅವರಿಗೆ ಸಿಕ್ಕಿದ್ದ ಮರ್ಯಾದೆ ಇದೊಂದೇ. ಮುಂದೇನಾಯಿತು ಎಂದು ರಾಮಾಂಜಿನಪ್ಪನವರು ದಿನಾ ಕೇಳುತ್ತಿದ್ದರು, ಇವರು ತಲೆನೋವಿನ ನೆಪ ಹೇಳುತ್ತಿದ್ದರು.

ಅಷ್ಟರಲ್ಲಿ ಬಸವನಗುಡಿಯ ಸಭಾಂಗಣವೊಂದರಲ್ಲಿ ಲೇಖಕರು ಓದುಗರನ್ನು ಭೇಟಿಯಾಗುತ್ತಾರೆಂದು ತಿಳಿಯಿತು. ವಸಂತ್ ಅವರ ಸಹಿ ಹಾಕಿಸಿಕೊಂಡು ಬರ್ತೀನಿ ಎಂದು ಗಂಡನಿಗೆ ಹೇಳಿ ಪಿಳ್ಳಮ್ಮ ಹೊರಟರು. ಸರದಿ ಬಂದಾಗ ಪುಸ್ತಕ ಮುಂದಿಡಲಿಲ್ಲ.

‘ಸರ್, ಸೊಣ್ಣಪ್ಪನೋರು ಕೊಲೆ ಮಾಡಿದ್ದು ಕೊನೇಲಿ ತಾನೆ ಗೊತ್ತಾಗೋದು? ಮೊದಲ್ನೇ ಪುಟದಲ್ಲೇ ಅವರ ಮರ್ಯಾದೆ ಯಾಕ್ ಕಿತ್ಕೊಂಡ್ರಿ?’

ವಸಂತ್ ಅವರಿಗೆ ಮೊದಲು ಅರ್ಥವಾಗಲಿಲ್ಲ. ಪುಟ ತೆರೆದು ನೋಡಿ ನಕ್ಕುಬಿಟ್ಟರು.

‘ಇಷ್ಟೆಲ್ಲ ಯಾರಮ್ಮ ನೋಡ್ತಾರೆ? ಕೊಲೆಗಾರ ಅಂತ ತಲೇಲಿತ್ತಲ್ಲ, ಕೈ ತಾನಾಗೇ ಹಂಗೆ ಬರೆದ್ಬಿಡ್ತು. ಯಾರನ್ನಾದ್ರೂ ಸಿಕ್ಕಿಸ್ಲೇಬೇಕಿತ್ತು. ದಫೇದಾರ್ ತಾನೆ, ಯಾರಿಗೂ ಬೇಜಾರಾಗಲ್ಲ ಅಂದ್ಕೊಂಡೆ.’

ಪಿಳ್ಳಮ್ಮನವರು ಪುಸ್ತಕ ತೆಗೆದುಕೊಂಡು ಬಂದುಬಿಟ್ಟರು. ಬಸ್ಸಿನಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

ಮನೆಯಲ್ಲಿ ರಾಮಾಂಜಿನಪ್ಪನವರು ಅವರ ದಾರಿಯನ್ನೇ ಕಾಯುತ್ತಿದ್ದರು. ಚಪ್ಪಲಿ ಬಿಟ್ಟ ಸದ್ದಿಗೇ ಮುಖ ಎತ್ತಿದರು.

‘ಸಿಕ್ಕಿದ್ರಾ ವಸಂತ್ ಅವರು? ಏನಂದ್ರು?’

‘ಅವನೇನ್ ಹೇಳ್ತಾನೆ,’ ಅಂದರು ಪಿಳ್ಳಮ್ಮ.

ರಾಮಾಂಜಿನಪ್ಪನವರು ಆಮೇಲೆ ಯಾವತ್ತೂ ಆ ಪುಸ್ತಕವನ್ನು ಮುಂದಕ್ಕೆ ಓದು ಎನ್ನಲಿಲ್ಲ.