ಅಂಚು ದಾಟಿದ ಕೆಂಪು

ಪುಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಕಾಕಾ ಚಾಕಣದ ಕಾರು ಕಾರ್ಖಾನೆಯಲ್ಲಿ ಬಣ್ಣ ಹೊಡೆದು ನಿವೃತ್ತರಾದವರು. ಹೂವಿನ ಫೋಟೋ ತೆಗೆದು, ಅದನ್ನು ಕಂಪ್ಯೂಟರಿನಲ್ಲಿ ಪೇಂಟಿಂಗ್ ಮಾಡುವುದು ಅವರ ಹೊಸ ಹುಚ್ಚು. ಒಂದು ಬಟನ್ ಒತ್ತಿದರೆ ತಾನೇ ಆಗುತ್ತದಲ್ಲ ಎಂದರೆ, "ಅದರಾಗ ಕೈ ಎಲ್ಲಿ ಅದ ರೀ? ಕೈ ಕಾಣಬೇಕ್ರಿ" ಎನ್ನುತ್ತಿದ್ದರು. ಒಂದೊಂದು ಎಸಳಿನ ಮೇಲೂ ಮೌಸ್ ಹಿಡಿದು ತಾವೇ ಬಣ್ಣ ಎಳೆಯುತ್ತಿದ್ದರು. ಆಮೇಲೆ ಕಾರಿನ ಬಾಗಿಲಿನ ಹೊಳಪು ನೋಡುವವರಂತೆ ಕತ್ತು ವಾರೆ ಮಾಡಿ ಪರದೆಯನ್ನು ನೋಡುತ್ತಿದ್ದರು.

ಗಣಪತಿ ಹಬ್ಬಕ್ಕೆ ನಮ್ಮ ವಸತಿ ಸೊಸೈಟಿಯ ಸಭಾಂಗಣದಲ್ಲಿ ಅವರ ಚಿತ್ರಗಳನ್ನು ತೂಗುಹಾಕಿದೆವು. ಕಾರ್ಖಾನೆಯಲ್ಲಿ ಅವರ ಕೆಲಸವನ್ನು ತಪಾಸಣೆ ಮಾಡುತ್ತಿದ್ದ ಬೆಳಗಾವಿ ಕಡೆಯ ಸಾಹೇಬರೂ ಬಂದರು. ದಾಸವಾಳದ ಚಿತ್ರದ ಮುಂದೆ ನಿಂತವರೇ, ಹಳೆಯ ರೂಢಿಯಂತೆ ಬೆರಳಿಟ್ಟರು.

"ಇಲ್ಲಿ ಬಣ್ಣ ಇಳದದ ನೋಡ್ರಿ."

ನಿಜ, ಮೌಸ್ ಹಿಡಿದ ಕೈ ತಪ್ಪಿ, ಎಸಳಿನ ಅಂಚು ದಾಟಿ ಒಂದು ಕೆಂಪು ಗೆರೆ ಕೆಳಗೆ ಜಾರಿತ್ತು. ಕಾರಿನ ಮೇಲಾಗಿದ್ದರೆ ಅದನ್ನು ಉಜ್ಜಿ ತೆಗೆದು ಮತ್ತೆ ಬಣ್ಣ ಹೊಡೆಯಬೇಕಿತ್ತು.

ಕಾಕಾನ ಮುಖ ಮಾತ್ರ ಅರಳಿತು. ಸಾಹೇಬರ ಬೆರಳನ್ನು ಅಲ್ಲೇ ಒತ್ತಿ ಹಿಡಿದರು.

"ಹೌದ್ರಿ ಸಾಹೇಬ್ರ. ಅಷ್ಟು ಗಾಡಿಗೋಳಿಗೆ ಬಣ್ಣ ಹೊಡದೆ, ಒಂದರಾಗೂ ನಾ ಇಲ್ಲ. ಇಲ್ಲಿ ಅದೀನಿ."