ಹೊಡೆದರೆ ಏಳುವ ಗೊಂಬೆ

ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಕೈಕೆಲಸವೆಂಬ ಪಾಠಕ್ಕೆ ವೇಳಾಪಟ್ಟಿಯಲ್ಲಿ ಜಾಗವಿತ್ತೇ ಹೊರತು ಮರ್ಯಾದೆಯಿರಲಿಲ್ಲ. ಲೆಕ್ಕದ ಮೇಷ್ಟ್ರು ರಜೆ ಹಾಕಿದಾಗ, ಇಲ್ಲವೇ ಮಧ್ಯಾಹ್ನದ ಬಿಸಿಲಿಗೆ ಮಕ್ಕಳು ತೂಕಡಿಸುವಾಗ, ಕೈಗೊಂದು ಮಣ್ಣಿನ ಉಂಡೆ ಕೊಟ್ಟು ಮಾವಿನಹಣ್ಣು ಮಾಡಿರೆಂದು ಕೂರಿಸಿದರೆ ಆ ಪಾಠ ಮುಗಿಯುತ್ತಿತ್ತು. ಅಂಥ ಪಾಠಕ್ಕಾಗಿ ಮಕ್ಕಳು ಬೆಳಗಿನಿಂದಲೇ ಕಾದಿರುವಂತೆ ಮಾಡಿದ ಕೆಲವೇ ಶಿಕ್ಷಕರಲ್ಲಿ ಶ್ರೀಮತಿ ಅಕ್ಕನಾಗಮ್ಮನವರ ಹೆಸರನ್ನು ಮೊದಲು ಹೇಳಬೇಕು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ತೊಡಗಿ, ಸಿರುಗುಪ್ಪದಲ್ಲಿ ಮಾಗಿದ ಅವರ ಸೇವೆ ಈ ವರ್ಷ, ೧೯೫೩ರಲ್ಲಿ, ಕುರುಗೋಡಿನ ಶಾಲೆಯ ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಪೂರ್ಣವಾಗಿದೆ. ತೆಂಗಿನ ಚಿಪ್ಪಿನ ತಕ್ಕಡಿ, ಅಂಗಳದ ನೆರಳುಗಡಿಯಾರ, ಹೀಗೆ ಅವರ ಕೈಯಲ್ಲಿ ಹುಟ್ಟಿದ ಪಾಠದ ಸಾಮಾನುಗಳು ಹಲವು. ಒಂದು ಮಾತ್ರ ಪಾಠದ್ದಲ್ಲ, ಆಟದ್ದು. ಅದರ ಹೆಸರು ಗುರಿಮಣೆ. ಅದನ್ನು ಮಾಡಿ, ತಪ್ಪು ಕಂಡು, ಮತ್ತೆ ಮಾಡಿದ ಬಗೆಯನ್ನು ಹೇಳಿದರೆ ಅವರ ಸೇವೆಯ ಸ್ವಭಾವವನ್ನೇ ಹೇಳಿದಂತಾಗುತ್ತದೆ.

ಮಹಾಯುದ್ಧ ನಡೆದಿದ್ದ ೧೯೪೩ನೆಯ ಇಸವಿ. ಬಳ್ಳಾರಿಯ ಅಂಗಡಿಗಳಿಂದ ತಗಡಿನ ಆಟದ ಬಂದೂಕುಗಳು ಮಾಯವಾಗಿದ್ದವು. ಬೀದಿಗಳಲ್ಲಿ ದಂಡಿನ ಲಾರಿಗಳು ಹೆಚ್ಚಾಗಿದ್ದವು. ನಿಜವಾದ ಬಂದೂಕು ಕಂಡ ಹುಡುಗರು ಸುಮ್ಮನಿದ್ದಾರೆಯೇ? ಕೌಲ್ ಬಜಾರಿನ ಸೈಕಲ್ ಅಂಗಡಿಗಳಲ್ಲಿ ಹಳೆಯ ಟ್ಯೂಬು ಬೇಡಿ ತಂದು ಕವಣೆ ಕಟ್ಟಿದರು. ಒಂದು ದಿನ ಕವಣೆಯ ಕಲ್ಲು ಎರಡನೆಯ ತರಗತಿಯ ಮಗುವೊಂದರ ಹುಬ್ಬನ್ನು ಸೀಳಿತು. ಕಣ್ಣಿಗೆ ಬೀಳಲಿಲ್ಲವೆಂಬುದೇ ಪುಣ್ಯ. ಕವಣೆಗಳನ್ನೆಲ್ಲ ಕಸಿದು ಒಲೆಗೆ ಹಾಕಿದ್ದಾಯಿತು. ಗುರಿ ಇಡಬೇಕೆಂಬ ಆಸೆ ಒಲೆಯಲ್ಲಿ ಸುಟ್ಟುಹೋಗುವಂಥದ್ದಲ್ಲವೆಂದು ಬಲ್ಲ ಅಕ್ಕನಾಗಮ್ಮನವರು, ಆ ಆಸೆಯನ್ನು ಒಂದು ಮೇಜಿನಗಲದಲ್ಲಿ ಹಿಡಿದಿಡುವ ದಾರಿ ಹುಡುಕತೊಡಗಿದರು.

ಅವರು ಕಂಡುಕೊಂಡ ಸಾಧನ ಬಹಳ ಸರಳವಾದದ್ದು. ಉದ್ದನೆಯ ಹಲಗೆಯೊಂದರ ಈಚೆ ತುದಿಗೆ ಬಿದಿರಿನ ದಬ್ಬೆಯನ್ನು ನಿಲ್ಲಿಸಿ ಬಿಗಿದರು. ಆಚೆ ತುದಿಯಲ್ಲಿ ಖಾಲಿ ಬೆಂಕಿಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿದರು. ದಬ್ಬೆಯ ತಲೆಯ ಗುಳಿಯಲ್ಲಿ ಗುಂಡನ್ನಿಟ್ಟು, ಬೆರಳಿನಿಂದ ಹಿಂದಕ್ಕೆ ಬಾಗಿಸಿ ಬಿಟ್ಟರೆ ಅದು ಹಾರಿಹೋಗಿ ಪೆಟ್ಟಿಗೆಯನ್ನು ಕೆಡವಬೇಕು. ಕಷ್ಟವೆಲ್ಲ ಗುಂಡಿನದಾಯಿತು. ಗೋಲಿಯೆಂದರೆ ಮತ್ತೆ ಕಲ್ಲೇ. ಹುಣಸೆ ಬೀಜ ಚಪ್ಪಟೆ; ಹೊರಡುವ ದಿಕ್ಕೊಂದು, ಮುಟ್ಟುವ ದಿಕ್ಕೊಂದು. ಗುಲಗಂಜಿ ದುಂಡಗೆ ಚೆಂದವಾಗಿದ್ದರೂ ವಿಷ. ಕೊನೆಗೆ ಹುರಿದ ಪುಟಾಣಿಯನ್ನು ತಂದಿಟ್ಟರೆ ಪಾಠದ ಅರ್ಧಕ್ಕೇ ಬಟ್ಟಲು ಬರಿದಾಯಿತು. ಶಿಕ್ಷಕಿಯರನ್ನು ಆ ಕಡೆಯ ಮಕ್ಕಳು ಕರೆಯುವುದು ‘ಅಕ್ಕೋರು’ ಎಂದು. “ಗುಂಡು ಎಲ್ಲಿ ಹೋದವಪ್ಪ?” ಎಂದು ಕೇಳಿದರೆ, ಹುಡುಗನೊಬ್ಬ ಬಾಯಿ ಒರೆಸಿಕೊಂಡು, “ಗುಂಡು ಭಾಳ ರುಚಿ ಅದಾವ್ರಿ ಅಕ್ಕೋರ. ನಾಳಿಗೆ ಒಂಚೂರು ಬೆಲ್ಲಾನೂ ತರ್ರಿ” ಎಂದ.

ಅರಳೆಯನ್ನು ಗಂಜಿಯಲ್ಲಿ ಅದ್ದಿ, ಕಡಲೆಗಾತ್ರಕ್ಕೆ ಉಂಡೆ ಕಟ್ಟಿ ಒಣಗಿಸಿದಾಗ ಬೇಕಾದ ಗುಂಡು ಸಿಕ್ಕಿತು. ಆದರೂ ಅದನ್ನು ಮಕ್ಕಳ ಕೈಗೆ ಕೊಡುವ ಮೊದಲು ಅಕ್ಕನಾಗಮ್ಮನವರು ಹಲಗೆಯ ಆಚೆ ತುದಿಗೆ ಮುಖವಿಟ್ಟು, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಹೊಡೆಯೆಂದು ಆಯಾ ಪಕ್ಕೀರಮ್ಮನಿಗೆ ಹೇಳಿದರು.

“ಅಕ್ಕೋರ್ನ ಹೊಡದ ಪಾಪ ನನಗ್ಯಾಕ್ರೆವ್ವಾ?”

“ಹೊಡಿಯವಾ. ನನ್ನ ಕಣ್ಣು ತಡದ್ರ ಹುಡುಗರ ಕಣ್ಣು ತಡೀತಾವ.”

ಪಕ್ಕೀರಮ್ಮ ಎರಡು ಸಲ ಬೇಕೆಂದೇ ಗುರಿ ತಪ್ಪಿಸಿ, ಮೂರನೆಯದಕ್ಕೆ ರೆಪ್ಪೆಗೇ ಹೊಡೆದಳು. ಕಣ್ಣು ತಡೆಯಿತು. ಗುರಿಮಣೆ ಶಾಲೆಯನ್ನು ಹೊಕ್ಕಿತು.

ಯುದ್ಧ ಮುಗಿದ ಮರುವರ್ಷ ಅವರಿಗೆ ಸಿರುಗುಪ್ಪದ ಬೋರ್ಡ್ ಶಾಲೆಯೊಂದಕ್ಕೆ ವರ್ಗವಾಯಿತು. ಅಲ್ಲಿ ಬಂಡಿ, ಕುಂಟೆಗಳ ಕೆಲಸ ಮಾಡುತ್ತಿದ್ದ ಬಡಗಿ ಮೌಲಾಸಾಬರ ಪರಿಚಯವಾದ ಮೇಲೆ ಬೆಂಕಿಪೆಟ್ಟಿಗೆಗಳ ಜಾಗಕ್ಕೆ ಬೇವಿನ ಕಟ್ಟಿಗೆಯ ಪುಟ್ಟ ಗೊಂಬೆಗಳು ಬಂದವು. ಅವುಗಳಿಗೆ ಮುಖವಿರಲಿಲ್ಲ; ಬೇಕಾದವರು ಬೇಕಾದ ಮುಖವನ್ನು ಇದ್ದಿಲಿನಲ್ಲಿ ಬರೆದುಕೊಳ್ಳಬಹುದಿತ್ತು. ಮೌಲಾಸಾಬರ ಮಗಳು ಖಾಸಿಂಬಿ ಅದೇ ಶಾಲೆಯ ಐದನೆಯ ತರಗತಿಯಲ್ಲಿದ್ದಳು. ಅಪ್ಪ ಕಡೆದ ಗೊಂಬೆಗಳನ್ನು ಕೆಡವುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ.

೧೯೪೮ರ ಆಷಾಢದಲ್ಲಿ ಸಿರುಗುಪ್ಪದ ಗಾಳಿ ಬೇರೆಯಾಗಿತ್ತು. ನದಿಯ ಆಚೆ ದಡ ನಿಜಾಮರ ಸೀಮೆ. ಅಲ್ಲಿಯ ಗಲಭೆಗೆ ಹೆದರಿ ತುಂಗಭದ್ರೆ ದಾಟಿ ಬಂದ ಕುಟುಂಬಗಳು ಕೆಂಚನಗುಡ್ಡದ ಕಡೆಯಿಂದ ಊರಿಗೆ ಬಂದು ಸೇರುತ್ತಿದ್ದವು. ಅವರ ಜೊತೆಗೆ ಅವರು ಕಂಡ ಸಂಗತಿಗಳೂ ಬರುತ್ತಿದ್ದವು. ದೊಡ್ಡವರು ಜಗುಲಿಯ ಮೇಲೆ ಆಡಿದ್ದನ್ನು ಮಕ್ಕಳು ಶಾಲೆಗೆ ತಂದರು. ಒಂದು ದಿನ ಹುಲುಗಪ್ಪನೆಂಬ ಹುಡುಗ ಗುರಿಮಣೆಯ ಗೊಂಬೆಗಳ ತಲೆಗೆ ಕೆಮ್ಮಣ್ಣು ಮೆತ್ತಿ, ಕರಿಯ ದಾರದ ಕುಚ್ಚು ಅಂಟಿಸಿ, ರೂಮಿ ಟೋಪಿ ಮಾಡಿಟ್ಟ. ಗೊಂಬೆ ಉರುಳಿದಾಗಲೆಲ್ಲ ತರಗತಿ ಚಪ್ಪಾಳೆ ತಟ್ಟಿತು. ಊರಿನಲ್ಲಿ ಅಂಥ ಟೋಪಿ ಹಾಕಿಕೊಂಡು ದಿನಾ ಕೆಲಸಕ್ಕೆ ಹೋಗುತ್ತಿದ್ದವರು ಮೌಲಾಸಾಬರು. ಖಾಸಿಂಬಿ ತನ್ನ ಸರದಿ ಬಂದಾಗ ಹೊಡೆಯಲಿಲ್ಲ. ಎದ್ದು ಹೋಗಿ, ಬಿದ್ದ ಗೊಂಬೆಯೊಂದನ್ನು ಲಂಗದ ಮಡಿಲಿಗೆ ಹಾಕಿಕೊಂಡು, ಯಾರನ್ನೂ ನೋಡದೆ ಮನೆಗೆ ನಡೆದಳು. ಮಾರನೆಯ ದಿನ ಶಾಲೆಗೆ ಬರಲಿಲ್ಲ. ಆ ವಾರವೂ ಬರಲಿಲ್ಲ.

ಅಕ್ಕನಾಗಮ್ಮನವರು ಅವರ ಮನೆಗೆ ಹೋದರು. ಮೌಲಾಸಾಬರು ಚೌಕಟ್ಟೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದವರು ಎದ್ದು ಚಾಪೆ ಹಾಸಿದರು.

“ಬರ್ರಿ ಅಕ್ಕೋರ. ಹುಡುಗರ ಮ್ಯಾಲೆ ಸಿಟ್ಟೇನಿಲ್ಲ ನಂಗ. ಗೊಂಬಿ ಕಡದಾವನೂ ನಾನ, ಬಿದ್ದಾವನೂ ನಾನ ಆದೆ ಅಂತ ಒಂದೀಟು ನಗು ಬಂತು, ಅಷ್ಟ.” ಅವರು ನಗಲಿಲ್ಲ. “ಆದ್ರ ಆಕಿ ಒಲ್ಲೆ ಅಂತಾಳ. ಸಾಲಿ ಬಿಡಿಸಿ ಬೀಡಿ ಕಟ್ಟಾಕ ಕುಂದ್ರಸು ಅಂತ ಮನ್ಯಾಗೂ ಅಂತಾರ.”

ಅಕ್ಕನಾಗಮ್ಮನವರು ಒಳಬಾಗಿಲ ಕಡೆ ತಿರುಗಿ, “ಖಾಸಿಂಬಿ, ಆ ಕೆಮ್ಮಣ್ಣು ನಾನ ತೊಳದು ಹಾಕೀನವಾ” ಎಂದರು.

ಬಾಗಿಲ ಹಿಂದಿನಿಂದ ಉತ್ತರ ಬಂತು: “ತೊಳದ್ರ ಟೋಪಿ ಹೋಗ್ತೈತ್ರಿ. ಕೆಡವೋ ಆಟ ಹೋಗಾಂಗಿಲ್ಲಲ್ಲ. ನಾಳಿಗೆ ಮತ್ತೊಬ್ಬರ ಟೋಪಿ ಹಾಕ್ತಾರ.”

ದಾರಿಯುದ್ದಕ್ಕೂ ಆ ಮಾತು ಅವರ ಜೊತೆಗೇ ನಡೆದು ಬಂತು. ಗುಂಡು ಯಾರ ಕಣ್ಣಿಗೂ ನೋವು ಮಾಡಬಾರದೆಂದು ಅಷ್ಟು ಪರೀಕ್ಷಿಸಿದ್ದ ಅವರು, ಬೀಳುವವರು ಯಾರೆಂದು ಕೇಳಿಕೊಂಡಿರಲೇ ಇಲ್ಲ. ತಪ್ಪು ಹುಲುಗಪ್ಪನ ಕೆಮ್ಮಣ್ಣಿನದಲ್ಲ, ತಮ್ಮ ಹಲಗೆಯದು ಎಂದು ಅವರಿಗೆ ಅನ್ನಿಸಿತು. ಸಹೋದ್ಯೋಗಿ ಸುಂಕಣ್ಣ ಮೇಷ್ಟ್ರು ಸುಲಭದ ಉಪಾಯ ಹೇಳಿದರು: “ಮುರದು ಒಲಿಗೆ ಹಾಕ್ರಿ ಅತ್ಲಾಗ. ಅನ್ನಾನಾದ್ರೂ ಬೇಯ್ತೈತಿ.” ಒಲೆಗೆ ಹಾಕಿದ ಕವಣೆಗಳ ಗತಿ ಕಂಡಿದ್ದ ಅಕ್ಕನಾಗಮ್ಮನವರು ಒಪ್ಪಲಿಲ್ಲ. ಕೆಡವದೆ ಗೆಲ್ಲುವ ಗುರಿಯಾಟ ಹೇಗಿದ್ದೀತು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಉತ್ತರ ಅಂಗಳದಲ್ಲಿ ಸಿಕ್ಕಿತು. ಹುಡುಗರು ಹುತುತು ಆಡುತ್ತಿದ್ದರು. ಆ ಆಟದಲ್ಲಿ ಸಿಕ್ಕಿಬಿದ್ದವನು ‘ಸತ್ತ’ ಎಂದು ಗೆರೆಯ ಹೊರಗೆ ಕೂರಬೇಕು. ಅವನ ಕಡೆಯವನು ಎದುರಾಳಿಯನ್ನು ಮುಟ್ಟಿ ಬಂದರೆ ಸತ್ತವನು ‘ಏಳುತ್ತಾನೆ’. ಹೊರಗೆ ಕೂತಿದ್ದ ಹುಲುಗಪ್ಪ ಗಂಟಲು ಹರಿಯುವಂತೆ ಕೂಗುತ್ತಿದ್ದ: “ಲೇ, ಒಬ್ಬನ್ನರ ಮುಟ್ಟಿ ಬಾರೋ! ಸತ್ತು ಸತ್ತು ಸಾಕಾಗೇತಿ, ನಾ ಏಳಬೇಕು!”

ಏಳಬೇಕು. ಮಕ್ಕಳ ಬಾಯಲ್ಲಿ ದಿನವೂ ಇದ್ದ ಆ ಪದವನ್ನು ಅವರು ಅಂದು ಕೇಳಿಸಿಕೊಂಡರು.

ಹೊಸ ಗುರಿಮಣೆಯ ಗುಟ್ಟು ಬಡಗಿಯ ಮೂಲೆಮಟ್ಟದಂಥ ಎರಡು ತೋಳಿನ ತುಂಡಿನಲ್ಲಿತ್ತು. ಮೂಲೆಯಲ್ಲಿ ತಂತಿ ತೂರಿಸಿದ ಆ ತುಂಡಿನ ಒಂದು ತೋಳು ನೆಟ್ಟಗೆ ನಿಂತಿರುತ್ತದೆ. ಇನ್ನೊಂದು ಹೊಡೆಯುವವರ ಕಡೆಗೆ ಮಲಗಿರುತ್ತದೆ. ಗೊಂಬೆ ಇರುವುದು ಮಲಗಿದ ತೋಳಿನ ಮೇಲೆ, ಕಾಲು ತಂತಿಯ ಕಡೆಗೆ. ಗುಂಡು ನಿಂತ ತೋಳಿಗೆ ತಗಲಿದರೆ ಅದು ಹಿಂದಕ್ಕೆ ಒರಗುತ್ತದೆ, ಒರಗುತ್ತಲೇ ಮಲಗಿದ ಗೊಂಬೆ ಎದ್ದು ನಿಲ್ಲುತ್ತದೆ. ಮೌಲಾಸಾಬರ ಅಂಗಳದಲ್ಲೇ ಕೂತು ಮೊದಲನೆಯದನ್ನು ಮಾಡಿಸಿದಾಗ ಬೇವಿನ ಗೊಂಬೆ ಅರ್ಧ ಎದ್ದು ಮತ್ತೆ ಮಲಗಿತು.

“ನಿಮ್ಮ ಗೊಂಬಿ ಭಾರ ಆತು ಮೌಲಾಸಾಬ್ರ.”

“ನನ್ನ ಹೆಂಡ್ತಿನೂ ಇದ ಮಾತು ಅಂತಾಳ್ರಿ, ನನ್ನ ಎಬ್ಬಿಸುವಾಗ.”

ಬಹಳ ದಿನಗಳ ಮೇಲೆ ಬಾಗಿಲ ಹಿಂದೆ ಕಿಸಕ್ಕನೆ ನಗು ಕೇಳಿಸಿತು. ಅಕ್ಕನಾಗಮ್ಮನವರು ಜೋಳದ ದಂಟಿನ ಬೆಂಡಿನಲ್ಲಿ ಗೊಂಬೆ ಮಾಡಿ ಕೂರಿಸಿದರು. ಈಗ ಅದು ತೀರ ಹಗುರ. ಮೌಲಾಸಾಬರು ಪಕ್ಕದಲ್ಲಿ ಉಳಿಗೆ ಒಂದು ಪೆಟ್ಟು ಕೊಟ್ಟರೆ ಸಾಕು, ತಾನೇ ಚಂಗನೆ ಎದ್ದು ನಿಲ್ಲುತ್ತಿತ್ತು.

“ಇವ ಯಾರೂ ಕರೀದ ಏಳ್ತಾನಲ್ರಿ!”

“ತೂಕ ಸ್ವಲ್ಪ ಬೇಕು” ಎಂದರು ಅಕ್ಕನಾಗಮ್ಮನವರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಕಾಲಿಗೆ ಹಾಕಿದ್ರ ನಡ್ಯಾಂಗಿಲ್ಲ. ತಂತಿಯಿಂದ ದೂರ, ತಲಿಮ್ಯಾಲೆ ಬೇಕು.”

ಆಗ ಖಾಸಿಂಬಿ ಹೊರಗೆ ಬಂದಳು. ಅಂಗಳದ ಮೂಲೆಯಲ್ಲಿ ಗೋಡೆ ಸಾರಿಸಲೆಂದು ನೆನೆಹಾಕಿದ್ದ ಕೆಮ್ಮಣ್ಣಿನಲ್ಲಿ ಒಂದು ಚಿಟಿಕೆ ತೆಗೆದು, ಬೆಂಡಿನ ತಲೆಯ ಮೇಲೆ ಮೆತ್ತಿ, ಬೆರಳ ತುದಿಯಲ್ಲಿ ತಿದ್ದಿ, ತನ್ನಪ್ಪನ ಟೋಪಿ ಮಾಡಿದಳು. ಗೊಂಬೆಯನ್ನು ಮಲಗಿಸಿದಳು. ಮೌಲಾಸಾಬರು ಉಳಿ ಬಡಿದರು, ಅದು ಏಳಲಿಲ್ಲ. ಖಾಸಿಂಬಿ ದಬ್ಬೆ ಬಾಗಿಸಿ ಗುಂಡು ಬಿಟ್ಟಳು. ಟೋಪಿಯ ಗೊಂಬೆ ನಿಧಾನವಾಗಿ, ಮನುಷ್ಯರು ಏಳುವ ಹಾಗೆಯೇ, ಎದ್ದು ನಿಂತಿತು.

“ನಾಳಿಗೆ ಸಾಲಿಗೆ ಇದನ್ನ ನಾನ ಹೊತ್ಕೊಂಡು ಬರ್ತೀನ್ರಿ” ಎಂದಳು.

ತಲೆಯ ಮೇಲೆ ಏನೂ ಇಲ್ಲದ ಗೊಂಬೆಗೆ ತೂಕ ಸಾಲದು ಎಂಬುದರಿಂದ ತರಗತಿಯ ಮಕ್ಕಳೆಲ್ಲ ತಮ್ಮ ತಮ್ಮ ಮನೆಯವರನ್ನು ಮಾಡಿ ತಂದರು. ಅಜ್ಜನ ರುಮಾಲು, ಅವ್ವನ ತುರುಬು, ಸೋದರಮಾವನ ಬಿಳಿ ಟೋಪಿ, ಎಲ್ಲ ಮಣ್ಣಿನವೇ. ಹುಲುಗಪ್ಪನ ಸರದಿಗೆ ಸಾಲಿನಲ್ಲಿ ರೂಮಿ ಟೋಪಿಯ ಗೊಂಬೆ ಮಲಗಿತ್ತು. ಅವನು ಖಾಸಿಂಬಿಯ ಮುಖ ನೋಡಿದ, ಅಕ್ಕೋರ ಮುಖ ನೋಡಿದ, ಹೊಡೆದ. ಗೊಂಬೆ ಎದ್ದಿತು.

“ಎಬ್ಬಿಸಿದೆ ನೋಡಬೇ, ನಿಮ್ಮಪ್ಪನ್ನ!”

“ಕೆಡವಿದಾವ್ನೂ ನೀನ ಅಲ್ಲೇನಲೇ? ಎಬ್ಬಿಸ್ದೆ ಏನ್ಮಾಡ್ತಿ?” ಎಂದಳು ಖಾಸಿಂಬಿ. ತರಗತಿ ಚಪ್ಪಾಳೆ ತಟ್ಟಿತು, ಅವಳೂ ತಟ್ಟಿದಳು.

ಮುಂದೆ ಅಕ್ಕನಾಗಮ್ಮನವರು ಕುರುಗೋಡಿಗೆ ಹೋದಾಗ ಗುರಿಮಣೆಯೂ ಹೋಯಿತು. ಅಲ್ಲಿಂದ ಸುತ್ತಲಿನ ಹಳ್ಳಿಗಳ ಶಾಲೆಗಳಿಗೂ ಹರಡಿತು. ಖಾಸಿಂಬಿ ಶಾಲೆ ಬಿಡಲಿಲ್ಲ. ಎಂಟನೆಯ ತರಗತಿ ಮುಗಿಸಿ ಈ ವರ್ಷ ಬಳ್ಳಾರಿಯಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದ್ದಾಳೆ.

ಕುರುಗೋಡಿನಲ್ಲಿ ನಡೆದ ಬೀಳ್ಕೊಡುಗೆಯ ಸಭೆಗೆ ತಂದೆ ಮಗಳಿಬ್ಬರೂ ಬಂದಿದ್ದರು. ಸುಂಕಣ್ಣ ಮೇಷ್ಟ್ರು ತಮ್ಮ ಭಾಷಣದಲ್ಲಿ, ಅಕ್ಕೋರು ಇನ್ನಾದರೂ ಹಾಯಾಗಿ ಮಲಗಿ ವಿಶ್ರಾಂತಿ ಪಡೆಯಲಿ ಎಂದು ಹಾರೈಸಿ ಕೂತರು. ಖಾಸಿಂಬಿ ಸೆರಗಿನಡಿಯಿಂದ ಚಿಕ್ಕದೊಂದು ಗುರಿಮಣೆ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಒಂದೇ ಗೊಂಬೆ. ತಲೆಯ ಮೇಲೆ ಬಿಳಿ ಮಣ್ಣಿನ ಸೆರಗು ಹೊದ್ದು, ತಂತಿಯ ಕನ್ನಡಕ ಹಾಕಿ, ಹಾಯಾಗಿ ಮಲಗಿತ್ತು.

“ಹೊಡೀರಿ ಅಕ್ಕೋರ.”

ಅಕ್ಕನಾಗಮ್ಮನವರ ಮೊದಲ ಗುಂಡು ಸುಂಕಣ್ಣ ಮೇಷ್ಟ್ರ ಮೂಗಿಗೆ ತಗಲಿತು. ಎರಡನೆಯದು ಗುರಿ ಮುಟ್ಟಿತು. ಸೆರಗಿನ ಗೊಂಬೆ ಎದ್ದು ನಿಂತು ಸಭೆಯನ್ನು ನೋಡಿತು.

ಆ ಮಣೆ ಈಗ ಕುರುಗೋಡಿನ ಅವರ ಮನೆಯ ಪಡಸಾಲೆಯಲ್ಲಿದೆ. ಅಲ್ಲಿಗೆ ಹೋಗುವ ಶಿಷ್ಯರೂ ಸ್ನೇಹಿತರೂ ವಿಶ್ರಾಂತಿಯ ಮಾತಾಡದೆ, ಮಗುವೊಂದರ ಕಷ್ಟವನ್ನೋ ಮುರಿದ ಆಟಿಕೆಯೊಂದನ್ನೋ ಅವರ ಮುಂದಿಟ್ಟು ಅವರನ್ನು ಎಬ್ಬಿಸುತ್ತಿರಲಿ. ಎಬ್ಬಿಸಿದಾಗಲೆಲ್ಲ ಏಳುವ ಆರೋಗ್ಯವೂ ಅದಕ್ಕೆ ಬೇಕಾದಷ್ಟು ದೀರ್ಘವಾದ ಆಯುಷ್ಯವೂ ಅಕ್ಕನಾಗಮ್ಮನವರಿಗೆ ಇರಲಿ.