ಲಾರಿಯ ಕೆಳಗೆ ಮಲಗಿ ‘ಬೇಡ’ ಅನ್ನುವ ಪ್ರೇಮಕ್ಕ

ಬೆಳಗಿನ ಆರೂಕಾಲು. ಚಿಕ್ಕಮಗಳೂರಿನ ಹೊರಗೆ ಒಂದು ಲಾರಿ ಯಾರ್ಡು. ಹಸಿರು ಬಣ್ಣದ ಮಿಲಿಟರಿ ಲಾರಿಯೊಂದರ ಕೆಳಗಿನಿಂದ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿವೆ. ಒಂದಕ್ಕೆ ನೀಲಿ ಹವಾಯಿ ಚಪ್ಪಲಿ ಇದೆ, ಇನ್ನೊಂದು ಚಪ್ಪಲಿ ಕೆಸರಲ್ಲಿ ಹೂತುಹೋಗಿದೆ. ಒಳಗಿನಿಂದ ಟಣ್, ಟಣ್ ಅಂತ ಸುತ್ತಿಗೆಯ ಸದ್ದು ಬರುತ್ತಿದೆ. ನಡುವೆ ಒಂದು ಕಡೆ ಮಾತ್ರ ಟಪ್ ಅನ್ನುತ್ತದೆ. ಮತ್ತೆ ಅದೇ ಜಾಗಕ್ಕೆ ಬಡಿದರೆ ಮತ್ತೆ ಟಪ್. ಆಮೇಲೆ ಸದ್ದೇ ಇಲ್ಲ.

“ಎಂತ ಪ್ರೇಮಕ್ಕಾ, ನಿದ್ದೆ ಹತ್ತಿತಾ?” ಎಂದು ನಗುತ್ತಾರೆ ಶಶಿಕಿರಣ್. ಇವರು ಮಲ್ಲಂದೂರು ಕಡೆಯ ಕಾಫಿ ಪ್ಲಾಂಟರು. ತೋಟದಲ್ಲಿ ಸಿಲ್ವರ್ ಮರ ಕಡಿಸಿದ್ದಾರೆ. ದಿಮ್ಮಿಗಳನ್ನು ಇಳಿಜಾರಿನಿಂದ ಎಳೆದು, ಎತ್ತಿ, ಬೇರೆ ಲಾರಿಗೆ ತುಂಬಲು ಅವರಿಗೊಂದು ಗಾಡಿ ಬೇಕು. ನಮ್ಮ ಗುಡ್ಡಗಳಲ್ಲಿ ಈ ಕೆಲಸಕ್ಕೆ ಸೈನ್ಯದವರು ಓಡಿಸಿ ಹರಾಜು ಹಾಕಿದ ಹಳೇ ಲಾರಿಯೇ ಆಗಬೇಕು. ಎಲ್ಲ ಚಕ್ರಕ್ಕೂ ಎಳೆತ ಇರುವುದರಿಂದ ಕೆಸರಿಗೆ ಜಗ್ಗುವುದಿಲ್ಲ, ಏರಿಗೆ ಹೆದರುವುದಿಲ್ಲ. ಹಿಂದೆ ಕಬ್ಬಿಣದ ತೋಳು ಕೂರಿಸಿ, ವಿಂಚು ಅನ್ನುವ ಎಳೆಯುವ ರಾಟೆ ಹಾಕಿ, ಅದಕ್ಕೆ ಉಕ್ಕಿನ ರೋಪು ಸುತ್ತಿದರೆ ಕ್ರೇನ್ ಲಾರಿ ತಯಾರು.

ಪ್ರೇಮಕುಮಾರಿ ತೆವಳಿಕೊಂಡು ಹೊರಗೆ ಬರುತ್ತಾರೆ. ವಯಸ್ಸು ನಲವತ್ತೆಂಟು, ಊರು ವಸ್ತಾರೆ. ಸೀರೆಯ ಮೇಲೆ ಗಂಡನ ಉದ್ದ ತೋಳಿನ ಶರ್ಟು, ತಲೆಗೆ ಟವೆಲ್ಲು, ಹಣೆಯ ವಿಭೂತಿಯ ಮೇಲೆ ಗ್ರೀಸಿನ ಪಟ್ಟೆ.

“ನಿದ್ದೆ ಎಲ್ಲಿಂದ ಬರಬೇಕು ಸಾರ್. ಒಂದು ಲೋಟ ಡೀಸೆಲ್ ಕೊಡ್ಸಿ” ಎನ್ನುತ್ತಾರೆ.

ಲಾರಿಯ ಉದ್ದಕ್ಕೂ ಹಾದುಹೋಗುವ ಎರಡು ಉಕ್ಕಿನ ತೊಲೆಗಳಿಗೆ ಚಾಸಿ ಅನ್ನುತ್ತಾರೆ. ಹೊರುವ ಭಾರವೆಲ್ಲ ಅದರ ಮೇಲೇ. ಸದ್ದು ಸತ್ತ ಜಾಗದಲ್ಲಿ ಪ್ರೇಮಕ್ಕ ಅಂಗೈಯಗಲ ಬಣ್ಣ ಕೆರೆಯುತ್ತಾರೆ. ಡೀಸೆಲ್ ಹಚ್ಚಿ, ನೆನೆಯಲು ಬಿಟ್ಟು, ಬಟ್ಟೆಯಿಂದ ಒರೆಸಿ ಒಣಗಿಸಿ, ಅದರ ಮೇಲೆ ಶಾಲೆಯ ಸೀಮೆಸುಣ್ಣ ಉಜ್ಜುತ್ತಾರೆ. “ಈಗ ಕಾಫಿ ಕುಡಿಯನಾ” ಅನ್ನುತ್ತಾರೆ. ಕಾಫಿ ಮುಗಿಯುವ ಹೊತ್ತಿಗೆ ಬಿಳಿ ಸುಣ್ಣದ ಮೇಲೆ ಬೆರಳುದ್ದದ ಕಪ್ಪು ಗೆರೆ ಮೂಡಿರುತ್ತದೆ. ಬಿರುಕಿನೊಳಗೆ ಇಳಿದಿದ್ದ ಡೀಸೆಲ್ ಮೆಲ್ಲಗೆ ಹೊರಗೆ ಬಂದಿದೆ. ಬರೀ ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿದ್ದ ನಾನೂ ಬಗ್ಗಿ ನೋಡಿದ್ದೆ.

“ಬೇಡ ಸಾರ್ ಇದು.”

“ಏ ಪ್ರೇಮಕ್ಕಾ, ಬರೀ ಹನ್ನೊಂದು ಸಾವಿರ ಕಿಲೋಮೀಟರ್ ಓಡಿರೋ ಗಾಡಿ! ಬಣ್ಣ ನೋಡಿ, ಮದುಮಗಳ ಥರ ಇದೆ.”

“ಮೀಟರ್ ತಿರುಗಿಲ್ಲ ಅಂದ್ರೆ ಕಷ್ಟ ಪಟ್ಟಿಲ್ಲ ಅಂತಲ್ಲ ಸಾರ್. ಒಂದೇ ದಿನ ತಪ್ಪು ಭಾರ ಹೊತ್ರೂ ಸಾಕು. ಅಗೋ, ಆ ಮೂಲೇಲಿರೋದು ತಗೊಳ್ಳಿ.”

ಮೂಲೆಯಲ್ಲಿರುವುದು ಬಣ್ಣ ಮಾಸಿದ, ಬಾಗಿಲು ನೆಗ್ಗಿದ, ಅರವತ್ತೆಂಟು ಸಾವಿರ ಕಿಲೋಮೀಟರ್ ಓಡಿದ ಲಾರಿ. ಹಿಂದಿನ ದಿನವೇ ಒಂದೂವರೆ ಗಂಟೆ ಅದರ ಕೆಳಗೆ ಮಲಗಿ, ತುದಿಯಿಂದ ತುದಿಯವರೆಗೆ ಬಡಿದು ನೋಡಿದ್ದಾರೆ. ಎಲ್ಲೂ ಸದ್ದು ಸತ್ತಿಲ್ಲ. ಶಶಿಕಿರಣ್ ಅದನ್ನು ನೋಡಿ ಮುಖ ಕಿವುಚುತ್ತಾರೆ. ಇದನ್ನು ತೋಟದ ಗೇಟಿನಲ್ಲಿ ನಿಲ್ಲಿಸಿದರೆ ಜನ ಏನನ್ನಬೇಕು!

ಪ್ರೇಮಕ್ಕನಿಗೆ ಅವತ್ತಿನ ಕೂಲಿ ಹುಟ್ಟಲಿಲ್ಲ. ಈ ಕಸುಬಿನ ಅಲಿಖಿತ ಕಾನೂನು ಹಾಗಿದೆ. ಹೂಂ ಅಂದ ಗಾಡಿ ಮಾರಾಟವಾದರೆ ಕೂಲಿ, ಬೇಡ ಅಂದರೆ ಒಂದು ಲೋಟ ಕಾಫಿ. ಇದನ್ನು ಯಾವ ಪುಣ್ಯಾತ್ಮ ಮಾಡಿದನೋ ಗೊತ್ತಿಲ್ಲ, ಆದರೆ ಸುಳ್ಳು ಹೇಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಒಂಬತ್ತು ವರ್ಷದಲ್ಲಿ ಈ ಹೆಂಗಸು ನೋಡಿದ ಗಾಡಿ ನೂರನಲವತ್ತರ ಮೇಲೆ. ಹೂಂ ಅಂದದ್ದು ಮೂವತ್ತೊಂದಕ್ಕೆ. ಆ ಮೂವತ್ತೊಂದೂ ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ತೋಟಗಳಲ್ಲಿ ಇವತ್ತಿಗೂ ದಿಮ್ಮಿ ಎತ್ತುತ್ತಿವೆ ಅಥವಾ ಮುಪ್ಪಾಗಿ ಗುಜರಿಗೆ ಹೋಗಿವೆ. ಒಂದರ ಚಾಸಿಯೂ ಮುರಿದಿಲ್ಲ. ಈ ಲೆಕ್ಕವನ್ನು ಯಾವ ಸಭೆಯಲ್ಲೂ ಯಾರೂ ಹೇಳುವುದಿಲ್ಲ. “ಗಾಡಿ ನಾನೇ ಆರಿಸಿದ್ದು” ಅಂತ ಮಾಲೀಕರು ಮೀಸೆ ತಿರುವುತ್ತಾರೆ.

ಪ್ರೇಮಕ್ಕನ ಗಂಡ ನಾಗೇಶ ರೋಪಿನವರು. ದಿಮ್ಮಿಗೆ ರೋಪು ಬಿಗಿದು, ಅದು ಮೇಲೆದ್ದಾಗ ಪಕ್ಕದಲ್ಲಿ ನಿಂತು ಕೈಯಿಂದ ದಾರಿ ತೋರಿಸುವ ಕೆಲಸ. ಹನ್ನೊಂದು ವರ್ಷದ ಹಿಂದೆ ಕಳಸದ ಕಡೆಯ ಒಂದು ತೋಟದಲ್ಲಿ ಎತ್ತಿದ ದಿಮ್ಮಿ ಗಾಳಿಯಲ್ಲಿರುವಾಗಲೇ ಲಾರಿಯ ಚಾಸಿ ಮುರಿಯಿತು. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಉಳಿಯಲಿಲ್ಲ ನಾಗೇಶ. ಮಾಲೀಕರು ಮನೆಗೆ ಬಂದು, “ಹೊಸ ಪೇಂಟ್ ಹೊಡೆಸಿದ್ದೆ ಕಣಮ್ಮ, ಚೆನ್ನಾಗೇ ಇತ್ತು” ಅಂದರಂತೆ. ಆ ಮಾತನ್ನು ಹೇಳುವಾಗ ಪ್ರೇಮಕ್ಕ ಇವತ್ತಿಗೂ ಹಲ್ಲು ಕಚ್ಚುತ್ತಾರೆ.

ತಿಥಿ ಮುಗಿಸಿ ಅವರು ಮೊದಲು ಹೋದದ್ದು ಗುಜರಿ ಅಂಗಡಿಗೆ. ಗಂಡನನ್ನು ಕೊಂದ ಗಾಡಿಯನ್ನು ಕಣ್ಣಾರೆ ನೋಡಬೇಕಿತ್ತು.

“ಮುರಿದ ಜಾಗ ಅರ್ಧ ಕಂದು, ಅರ್ಧ ಬೆಳ್ಳಗಿತ್ತು. ಎಂತಕ್ಕೆ ಹೀಗೆ ಅಂತ ಅಲ್ಲಿದ್ದ ವೆಲ್ಡಿಂಗ್ ಅಜ್ಜನ್ನ ಕೇಳ್ದೆ. ಕಂದು ಇರೋದು ಹಳೇ ಬಿರುಕು, ತುಕ್ಕು ಹಿಡಿದಿದೆ. ಬೆಳ್ಳಗಿರೋದು ಅವತ್ತು ಮುರಿದದ್ದು ಅಂದ್ರು. ಅಂದ್ರೆ ವರ್ಷಗಟ್ಟಲೆ ಅದು ಅಲ್ಲೇ ಇತ್ತು. ಯಾರಾದ್ರೂ ಒಬ್ರು ಬಗ್ಗಿ ನೋಡಿದ್ರೆ ನನ್ನ ಗಂಡ ಇರ್ತಿದ್ರು. ಬಗ್ಗೋದು ಅಷ್ಟು ಕಷ್ಟನಾ?”

ಆ ವೆಲ್ಡಿಂಗ್ ಅಜ್ಜ ಮಲ್ಲಿಕಾರ್ಜುನಪ್ಪ. ಅವರ ಶೆಡ್ಡಿನಲ್ಲಿ ಪಾನಾ ಒರೆಸುವ ಕೆಲಸಕ್ಕೆ ಸೇರಿದ ಪ್ರೇಮಕ್ಕ ಎರಡು ವರ್ಷದಲ್ಲಿ ಸುತ್ತಿಗೆಯ ಸದ್ದು ಕಲಿತರು, ಸುಣ್ಣ ಡೀಸೆಲಿನ ವಿದ್ಯೆ ಕಲಿತರು. ಕೊನೆಯ ಪರೀಕ್ಷೆಯೊಂದನ್ನು ಮಾತ್ರ ತಾವೇ ಸೇರಿಸಿದರು. ಗಾಡಿಗೆ ಹೂಂ ಅಂದು, ಕ್ರೇನ್ ಕೂರಿಸಿದ ಮೇಲೆ ಒಂದು ದಿಮ್ಮಿ ಎತ್ತಿಸುತ್ತಾರೆ. ಅದು ಗಾಳಿಯಲ್ಲಿ ತೂಗುವಾಗ ಮಾಲೀಕರ ಕಡೆ ತಿರುಗಿ, “ಬನ್ನಿ ಸಾರ್, ರೋಪಿನವನ ಜಾಗದಲ್ಲಿ ಒಂದು ನಿಮಿಷ ನಿಂತ್ಕೊಳ್ಳಿ” ಅನ್ನುತ್ತಾರೆ.

“ಎಷ್ಟು ಜನ ನಿಂತಿದ್ದಾರೆ?” ಅಂತ ಕೇಳಿದೆ.

“ಇಬ್ರು. ಅದ್ರಲ್ಲಿ ಒಬ್ರು ಕುಡಿದಿದ್ರು.”

ಉಳಿದವರಿಗೆಲ್ಲ ಆ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತದೆ. ಆಗ ಪ್ರೇಮಕ್ಕ ತಾವೇ ಹೋಗಿ ನಿಲ್ಲುತ್ತಾರೆ.

ಇನ್ನು ಆ ಹಸಿರು ಲಾರಿಯ ಕತೆಗೆ ಬರೋಣ. ನಾಲ್ಕೇ ದಿನದಲ್ಲಿ ಶಶಿಕಿರಣ್ ಅದನ್ನೇ ಕೊಂಡರು. ಗೆರೆ ಕಂಡ ಜಾಗಕ್ಕೆ ಬೆಸುಗೆ ಹಾಕಿಸಿ ಮೇಲೆ ಬಣ್ಣ ಬಳಿಸಿ, ಹಿಂದೆ ಕ್ರೇನ್ ಕೂರಿಸಿದರು. ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹೋಯಿತು. ಮಾಸಲು ಲಾರಿ ಬೇರೆ ಯಾರದೋ ಪಾಲಾಯಿತು. ದುಡ್ಡು ಕೊಟ್ಟು ದೆವ್ವ ತರುವುದು ಅಂದರೆ ಇದೇ ಅಲ್ಲವೇ?

ಪ್ರೇಮಕ್ಕನಿಗೆ ವಿಷಯ ತಿಳಿದದ್ದು ಮೈದುನನಿಂದ. ನಾಗೇಶನ ತಮ್ಮ ಚನ್ನಬಸವ ಅದೇ ತೋಟದಲ್ಲಿ ರೋಪಿನವನು. ಹೌದು, ಅಣ್ಣ ಸತ್ತ ಕೆಲಸವನ್ನೇ ತಮ್ಮನೂ ಮಾಡುತ್ತಾನೆ. ಬೇರೆ ಕೆಲಸ ಅವನಿಗೆ ಯಾರು ಕಲಿಸಿದ್ದರು? “ಅತ್ತಿಗೆ, ಸೋಮವಾರ ಗಾಡಿ ಪೂಜೆ. ಮೊದಲನೇ ದಿಮ್ಮಿ ನಾನೇ ಕಟ್ಟಬೇಕಂತೆ” ಎಂದು ಫೋನ್ ಮಾಡಿದ.

ಸೋಮವಾರ ಪ್ರೇಮಕ್ಕ ಕರೆಯದೆ ಹೋದರು. ನಾನೂ ಜೊತೆಗೆ ಹೋಗಿದ್ದೆ. ಬಾನೆಟ್ಟಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಇಪ್ಪತ್ತು ಮೂವತ್ತು ಆಳುಗಳು ಪ್ರಸಾದ ಹಿಡಿದು ನಿಂತಿದ್ದರು. ಚನ್ನಬಸವ ದಿಮ್ಮಿಗೆ ರೋಪು ಬಿಗಿದ. ವಿಂಚು ಗುರುಗುಟ್ಟಿತು, ದಿಮ್ಮಿ ಆಳೆತ್ತರ ಎದ್ದಿತು.

“ಚನ್ನಬಸವಾ, ಈಚೆ ಬಾ” ಅಂದರು ಪ್ರೇಮಕ್ಕ. ಅವನು ಬಂದ. “ಸಾರ್, ನೀವು ಬನ್ನಿ. ನಿಮ್ಮದೇ ಗಾಡಿ, ನೀವೇ ಇಷ್ಟಪಟ್ಟು ತಂದದ್ದು. ಒಂದು ನಿಮಿಷ ಅಲ್ಲಿ ನಿಂತ್ಕೊಳ್ಳಿ.”

ಶಶಿಕಿರಣ್ ನಕ್ಕರು. ಸುತ್ತ ಯಾರೂ ನಗಲಿಲ್ಲ. “ಎಂತ ಪ್ರೇಮಕ್ಕಾ, ಶುಭ ಕೆಲಸದ ದಿನ ಇದೆಂತ ನಾಟಕ” ಅಂದರು. ಒಂದು ಹೆಜ್ಜೆ ಮುಂದಿಟ್ಟರು. ತೂಗುತ್ತಿದ್ದ ದಿಮ್ಮಿಯನ್ನು ನೋಡಿದರು. ಆ ಹೆಜ್ಜೆಯನ್ನು ಹಿಂದಕ್ಕೆ ತಗೊಂಡರು. ಅಷ್ಟೂ ಜನ ಅದನ್ನು ಕಂಡರು. ಚನ್ನಬಸವ ಕೈಗವಸು ಕಳಚಿ ಮೇಸ್ತ್ರಿಯ ಕೈಗಿಟ್ಟ. ಅವತ್ತು ಆ ತೋಟದಲ್ಲಿ ಬೇರೆ ಯಾರೂ ರೋಪು ಮುಟ್ಟಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚಂದದ ಕತೆಯಾಗುತ್ತಿತ್ತು. ಆದರೆ ಚನ್ನಬಸವನ ಕೆಲಸ ಹೋಯಿತು. ಈಗ ಬೇರೆ ತೋಟದಲ್ಲಿ ಏಣಿ ಹತ್ತಿ ಮೆಣಸು ಕೊಯ್ಯುತ್ತಾನೆ. ಪ್ರೇಮಕ್ಕನನ್ನು ಗಾಡಿ ನೋಡಲು ಕರೆದು ಎರಡು ತಿಂಗಳಾಯಿತು. ‘ಅಪಶಕುನದ ಹೆಂಗಸು’ ಅಂತ ಪ್ಲಾಂಟರುಗಳ ನಡುವೆ ಸುದ್ದಿ ಹಬ್ಬಿದೆ. ಬಿರುಕು ಬಿಟ್ಟ ಉಕ್ಕು ಅಪಶಕುನ ಅಲ್ಲ, ಅದನ್ನು ತೋರಿಸಿದವಳು ಅಪಶಕುನ. ಥೂ, ನಮ್ಮ ನ್ಯಾಯವೇ!

ಮತ್ತೆ ಆ ಲಾರಿ? ಶಶಿಕಿರಣ್ ಅದನ್ನು ಮಾರಿಬಿಟ್ಟರು. ಯಾರಿಗೆ ಅಂತ ಕೇಳಿದರೆ, “ಬ್ರೋಕರ್ ಮೂಲಕ ಕಳಸದ ಕಡೆ ಹೋಯ್ತು ಮಾರಾಯ್ರೆ, ಯಾರು ತಗೊಂಡ್ರೋ ಗೊತ್ತಿಲ್ಲ. ವೆಲ್ಡಿಂಗ್ ಮಾಡ್ಸಿದೀನಲ್ಲ? ಎಲ್ಲದಕ್ಕೂ ಹೆದರಿದ್ರೆ ತೋಟ ಮಾಡಕ್ಕಾಗುತ್ತಾ?” ಅಂದರು. ತಮಗೆ ಒಂದು ನಿಮಿಷ ನಿಲ್ಲಲಾಗದ ಜಾಗವನ್ನು ಇನ್ನೊಬ್ಬನ ಹೊಟ್ಟೆಪಾಡಿಗೆ ದಾಟಿಸಿ ಕೈತೊಳೆದುಕೊಂಡರು. ಪ್ರೇಮಕ್ಕ ಮೂರು ಸಲ ಬಸ್ಸು ಹತ್ತಿ ಕಳಸಕ್ಕೆ ಹೋಗಿ ಹೋಟೆಲು, ಗ್ಯಾರೇಜು, ಪೆಟ್ರೋಲ್ ಬಂಕುಗಳಲ್ಲಿ ವಿಚಾರಿಸಿ ಬಂದಿದ್ದಾರೆ. ಗಾಡಿ ಸಿಗಲಿಲ್ಲ. ಒಂದು ಗ್ಯಾರೇಜಿನಲ್ಲಿ ಮಾತ್ರ ಬ್ರೋಕರ್ ಏನು ಹೇಳಿ ಮಾರಿದ ಅನ್ನುವುದು ತಿಳಿಯಿತು: “ವಸ್ತಾರೆ ಪ್ರೇಮಕ್ಕ ಹೂಂ ಅಂದ ಗಾಡಿ.”

ವಸ್ತಾರೆಯ ಮನೆಯ ಜಗಲಿಯಲ್ಲಿ ಕೂತು ಇದನ್ನು ಹೇಳುತ್ತಾರೆ. “ನನ್ನ ಹೆಸರು ಹೇಳಿದ ಮೇಲೆ ಇನ್ಯಾರು ಬಗ್ಗಿ ನೋಡ್ತಾರೆ? ಬೆಸುಗೆ ಹಾಕಿದೆ ಅಂತಾರೆ. ಹಳೇ ಬಟ್ಟೆಗೆ ತೇಪೆ ಹಾಕಿದ್ರೆ ತೇಪೆ ಪಕ್ಕದಲ್ಲೇ ಹರಿಯುತ್ತೆ, ಅಷ್ಟೂ ಗೊತ್ತಿಲ್ವಾ ಇವ್ರಿಗೆ?”

ಯಾರಿಗಾದರೂ ದೂರು ಕೊಡಬಹುದಲ್ಲ ಅಂದೆ.

“ಬಿದ್ದ ಮೇಲೆ ಬರೋ ಆಫೀಸಿನವ್ರು ನಂಗೆ ಗೊತ್ತು, ನಾಗೇಶ ಹೋದಾಗ ಎಲ್ಲ ಬಂದಿದ್ರು. ಬೀಳೋ ಮುಂಚೆ ಬರೋ ಆಫೀಸ್ ಯಾವುದು? ಗೊತ್ತಿದ್ರೆ ಹೇಳಿ, ಈಗ್ಲೇ ಹೋಗ್ತೀನಿ.”

ಆ ಪ್ರಶ್ನೆಯನ್ನೂ ಬರೆದುಕೊಂಡೆ.

ಹೊರಡುವಾಗ ಒಂದು ಫೋಟೋ ಕೇಳಿದೆ. ಬೇಡ ಅಂದರು. “ನನ್ನ ಮುಖ ಹಾಕಿ ಯಾರಿಗೆ ಎಂತ ಆಗಬೇಕು? ಫೋಟೋ ಜಾಗದಲ್ಲಿ ನಾನು ಹೇಳಿದ್ದು ಬರೀರಿ. ಆ ಲಾರಿ ನಂಬರ್ ಪ್ಲೇಟಿಗೆ ಕೆಸರು ಮೆತ್ಕೊಂಡಿರುತ್ತೆ, ಬಣ್ಣ ಬದಲಾಯಿಸಿರ್ತಾರೆ. ರೋಪಿನವನಿಗೆ ಗುರುತು ಸಿಗೋ ಹಾಗೆ ಬರೀರಿ. ಹೋಟೆಲಲ್ಲಿ ಬೋಂಡಾ ಕಟ್ಟಿದ ಪೇಪರಾದ್ರೂ ಓದ್ತಾನೆ ಅವ್ನು.”

ಅವರು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಬರೆಯುತ್ತಿದ್ದೇನೆ.

“ಅಣ್ಣಾ, ನೀನು ಯಾರೋ ನಂಗೆ ಗೊತ್ತಿಲ್ಲ. ಹೊಸದಾಗಿ ಬಂದ ಮಿಲಿಟರಿ ಲಾರಿಗೆ ರೋಪು ಹಾಕ್ತಿದ್ರೆ ಮೊದ್ಲು ಅದರ ಕೆಳಗೆ ಮಲಗು. ಎಡಗಡೆ ಚಾಸಿ ನೋಡು. ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಿ ಚಾಸಿಗೆ ಸೇರುತ್ತಲ್ಲ, ಅಲ್ಲಿಂದ ಒಂದು ಗೇಣು ಮುಂದೆ, ಮೇಲಂಚಿಗೆ ಹತ್ತಿರ. ಬೆರಳುದ್ದ ಬೆಸುಗೆ ಕೈಗೆ ಸಿಗುತ್ತೆ. ಸಿಕ್ರೆ ರೋಪು ಕೆಳಗಿಟ್ಟು ಮನೆಗೆ ಹೋಗು. ಯಾಕೆ ಅಂತ ಯಜಮಾನ್ರು ಕೇಳಿದ್ರೆ, ವಸ್ತಾರೆ ಪ್ರೇಮಕುಮಾರಿ ಈ ಗಾಡಿಗೆ ಹೂಂ ಅಂದಿಲ್ಲ, ಬೇಡ ಅಂದಿದ್ದಾಳೆ ಅಂತ ಹೇಳು.”